ಡ್ರ್ಯಾಗನ್ ಬೆರಳಿಗೊಂದು ಉಂಗುರ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತ ಕಥೆ ನಡೆಸುವ ಆಟ. ಅದರಲ್ಲಿ ಡ್ರ್ಯಾಗನ್ ಮಲಗುವುದೇ ನಿಧಿಯ ಮೇಲೆ. ಆ ರಾಶಿಯಲ್ಲಿ ಮಂತ್ರದ ಕತ್ತಿ, ಮಂತ್ರದ ಉಂಗುರ, ಮಂತ್ರದ ನಿಲುವಂಗಿ ಎಲ್ಲ ಬಿದ್ದಿರುತ್ತವೆ. ಆದರೂ ಐದು ಜನ ಗುಹೆಗೆ ನುಗ್ಗಿ ಹೊಡೆಯುವಾಗ ಅದು ಒಂದನ್ನೂ ಮುಟ್ಟುವುದಿಲ್ಲ. ಅದು ಸತ್ತ ಮೇಲೆ ಆ ಐದು ಜನ ಎಲ್ಲವನ್ನೂ ಮೈಮೇಲೆ ಹಾಕಿಕೊಂಡು ಹೊರಡುತ್ತಾರೆ. ಪಾಪ, ಬುದ್ಧಿ ಕಡಿಮೆ ಅನ್ನೋಣ ಅಂದರೆ, ವಯಸ್ಕ ಕೆಂಪು ಡ್ರ್ಯಾಗನ್ನಿಗೆ ಆಟದ ನಿಯಮದ ಪುಸ್ತಕದಲ್ಲೇ ಬುದ್ಧಿ 16 ಅಂತ ಕೊಟ್ಟಿದ್ದಾರೆ. ಸಾಮಾನ್ಯ ಮನುಷ್ಯನಿಗೆ 10. ನಮ್ಮ ಗುಂಪಿನ ಯೋಧನಿಗೆ 8.

ಆಟ ನಡೆಸುವವರನ್ನು ಡಿಎಂ ಅನ್ನುತ್ತಾರೆ. ನಮ್ಮಲ್ಲಿ ಬೇರೆ ಯಾರೂ ಒಪ್ಪಲಿಲ್ಲ, ಹಾಗಾಗಿ ಅದು ನಾನು. ಈ ಸಲ ಡ್ರ್ಯಾಗನ್ನಿಗೆ ಸರಿಯಾಗಿ ಶೃಂಗಾರ ಮಾಡಿಯೇ ಕಳಿಸೋಣ ಅಂತ ಕೂತೆ. ಕೂತ ಮೇಲೆ ಗೊತ್ತಾಯಿತು, ಈ ಸಾಮಾನುಗಳೆಲ್ಲ ನಮ್ಮಂಥ ಬಡಪಾಯಿಗಳಿಗೆ ಮಾಡಿದ್ದು. ಬೆಂಕಿ ದೈತ್ಯನ ಬೆಲ್ಟ್ ಕಟ್ಟಿಕೊಂಡರೆ ಬಲ 25 ಆಗುತ್ತದೆ, ಡ್ರ್ಯಾಗನ್ನಿಗೆ ಹುಟ್ಟಾ 27 ಇದೆ. ಹಾರುವ ಬೂಟು ಕೊಡೋಣ ಅಂದರೆ ರೆಕ್ಕೆ ಇರುವವರಿಗೆ ಅದ್ಯಾಕೆ, ಅದೂ ಅಲ್ಲದೆ ಒಂದು ಜೊತೆ ಬೂಟನ್ನು ನಾಲ್ಕು ಕಾಲಲ್ಲಿ ಯಾವ ಎರಡಕ್ಕೆ ಹಾಕೋದು? ಮದ್ದಿನ ಬಾಟಲಿ ಇನ್ನೂ ತಮಾಷೆ. ಮಾಮೂಲಿ ಬಾಟಲಿ ಕುಡಿದರೆ ಅಬ್ಬಬ್ಬಾ ಅಂದರೆ 10 ಹಿಟ್ ಪಾಯಿಂಟ್ (ಜೀವದ ಲೆಕ್ಕ, ಸೊನ್ನೆಯಾದರೆ ಬಿದ್ದ ಹಾಗೆ) ವಾಪಸ್ ಬರುತ್ತದೆ, ಈ ಪ್ರಾಣಿಗೆ ಇರುವುದು 256. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಜೊತೆಗೆ ಅಟ್ಯೂನ್‌ಮೆಂಟ್ ಅನ್ನೋ ನಿಯಮ ಬೇರೆ, ಮೈಗೆ ಹೊಂದಿಸಿಕೊಳ್ಳಬೇಕಾದ ಸಾಮಾನು ಮೂರಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ.

ನಿಜ ಹೇಳಬೇಕೆಂದರೆ ಡ್ರ್ಯಾಗನ್ನಿಗೆ ಬಲದ ಕೊರತೆಯಿಲ್ಲ, ಕೊರತೆ ಇರುವುದು ಸರದಿಯದ್ದು. ಅದು ಒಂದು ಸಲ ಕೈ ಎತ್ತುವಷ್ಟರಲ್ಲಿ ಐದು ಜನ ಐದು ಕಡೆಯಿಂದ ಬಾರಿಸಿರುತ್ತಾರೆ. ಅದಕ್ಕೇ ಅದೃಶ್ಯದ ಉಂಗುರ ಹಾಕಿದೆ. ಕಾಣದಿದ್ದರೆ ಹೊಡೆಯೋದು ಕಷ್ಟ, ಅಲ್ವಾ? ಉಂಗುರ ಅಷ್ಟು ದಪ್ಪ ಬೆರಳಿಗೆ ಹೇಗೆ ಹಿಡಿಯಿತು ಅಂತ ಕೇಳಬೇಡಿ. ಹಾಕಿಕೊಂಡವರ ಅಳತೆಗೆ ಮಂತ್ರದ ಸಾಮಾನು ತಾನೇ ಹೊಂದಿಕೊಳ್ಳುತ್ತದೆ. ನಮ್ಮ ದರ್ಜಿಗಳಿಗೆ ಈ ವಿದ್ಯೆ ಬರಲಿ.

ಡ್ರ್ಯಾಗನ್ ಮಾಯವಾಯಿತು. ಮೇಲಿಂದ ಬೆಂಕಿ ಉಗುಳಿತು. ಅದಕ್ಕೆ 18 ದಾಳ ಹಾಕಬೇಕು. ಎಲ್ಲರ ಹತ್ತಿರ ಇಸಕೊಂಡು, ಎರಡೂ ಕೈಯಲ್ಲಿ ಬಾಚಿ ಹಾಕಿದೆ. ಎರಡು ದಾಳ ಚಿಪ್ಸ್ ಬಟ್ಟಲಿಗೆ ಬಿದ್ದವು, ಒಂದು ಫ್ರಿಜ್ ಕೆಳಗೆ ಹೋಯಿತು. ಅದನ್ನು ಪೊರಕೆ ಹಿಡಿಯಿಂದ ಎಳೆಯುತ್ತಿರುವಾಗ ನಮ್ಮ ಕಳ್ಳ (ಆಟದಲ್ಲಿ ಕುಳ್ಳ ಹಾಫ್ಲಿಂಗ್ ಕಳ್ಳ, ಹೊರಗೆ ಕಾನೂನು ವಿದ್ಯಾರ್ಥಿ) ಪುಸ್ತಕ ತೆಗೆದ.

"ಗುರೂ, ಅಟ್ಯಾಕ್ ಮಾಡಿದ ತಕ್ಷಣ ಅದೃಶ್ಯ ಹೋಗುತ್ತೆ. ಇಲ್ಲಿ ಬರೆದಿದೆ ನೋಡು."

"ಬೆಂಕಿ ಉಗುಳೋದು ಅಟ್ಯಾಕ್ ಅಲ್ಲ ಕಣೋ. ಅಟ್ಯಾಕ್ ಅಂದ್ರೆ ಅದಕ್ಕೆ ದಾಳ ಹಾಕಬೇಕು. ಇಲ್ಲಿ ತಪ್ಪಿಸಿಕೊಳ್ಳೋಕೆ ನೀವು ತಾನೇ ಹಾಕೋದು?"

2014ರ ಪುಸ್ತಕದ ಪ್ರಕಾರ ನಾನು ಹೇಳಿದ್ದೇ ಸರಿ. ಆದರೂ ವಾದ ಎಷ್ಟು ಹೊತ್ತು ನಡೆಯಿತು ಅಂದರೆ, ತರಿಸಿದ್ದ ಬಿರಿಯಾನಿ ಬಾಗಿಲಲ್ಲೇ ತಣ್ಣಗಾಯಿತು. ಕೊನೆಗೆ ಗೆದ್ದೆ.

ಗೆದ್ದು ಏನು ಬಂತು, ಡ್ರ್ಯಾಗನ್ ಸತ್ತೇಹೋಯಿತು. ಕಾಣದಿದ್ದರೂ ಅಂದಾಜಿನ ಮೇಲೆ ಬಾಣ ಬಿಟ್ಟರು, ದರಿದ್ರ ದಾಳಗಳೂ ಅವರ ಕಡೆಗೇ ಬಿದ್ದವು. ಆಗ ಕಳ್ಳ ಮತ್ತೆ ಅದೇ ಪುಟ ತೆಗೆದ. ಉಂಗುರ ಬಿಚ್ಚುವ ತನಕ ಅದೃಶ್ಯ ಅಂತಿದೆ. ಸತ್ತರೆ ಕಾಣುತ್ತದೆ ಅಂತ ಆ ಪುಟದಲ್ಲಿ ಇಲ್ಲ. ಅಂದರೆ ಗುಹೆಯಲ್ಲಿ ಒಂದು ದೊಡ್ಡ ಹೆಣ ಬಿದ್ದಿದೆ, ಯಾರಿಗೂ ಕಾಣುತ್ತಿಲ್ಲ. ಯೋಧ ಬಾಲಕ್ಕೆ ಎಡವಿ ಬಿದ್ದ. ಮಾಂತ್ರಿಕ ಮೂಟೆಯಲ್ಲಿದ್ದ ಹಿಟ್ಟು ತೂರಿದ, ಮೂಗು ಮಾತ್ರ ಬೆಳ್ಳಗೆ ಕಾಣಿಸಿತು. ಉಂಗುರ ಯಾವ ಬೆರಳಲ್ಲಿದೆ ಅಂತ ನಾನು ಬರೆದಿರಲಿಲ್ಲ, ಹಾಗಾಗಿ ಒಂದೊಂದು ಪಂಜಕ್ಕೂ ದಾಳ ಹಾಕಿಸಿದೆ. ಯುದ್ಧಕ್ಕಿಂತ ಈ ತಡಕಾಟವೇ ಜಾಸ್ತಿ ಹೊತ್ತು ಹಿಡಿಯಿತು. ಸಿಕ್ಕಿದ್ದು ಹಿಂಗಾಲಿನಲ್ಲಿ.

ಇದೇನೂ ಹೊಸ ಕಥೆಯಲ್ಲ. ನಾರ್ಸ್ ಕಥೆಗಳ ಫಾಫ್ನಿರ್ ಅನ್ನೋ ಡ್ರ್ಯಾಗನ್ ಹತ್ತಿರ ನೋಡಿದವರನ್ನು ನಡುಗಿಸುವ ಶಿರಸ್ತ್ರಾಣ ಇತ್ತು. ಸಿಗುರ್ಡ್ ಅನ್ನೋ ವೀರ ಗುಂಡಿಯಲ್ಲಿ ಅವಿತು ಕೂತು ಕೆಳಗಿನಿಂದ ಕತ್ತಿ ಹಾಕಿದ, ಚಿನ್ನದ ಜೊತೆಗೆ ಶಿರಸ್ತ್ರಾಣವನ್ನೂ ಹೊತ್ತುಕೊಂಡು ಹೋದ.

ಉಂಗುರ ಈಗ ಕಳ್ಳನ ಕಿರುಬೆರಳಿಗೆ ಬಂದಿದೆ, ಅಚ್ಚುಕಟ್ಟಾಗಿ ಹಿಡಿದಿದೆ. ಮುಂದಿನ ವಾರ ಅವನು ಕಾಣದಂತೆ ಹೋಗಿ ಡಕಾಯಿತರ ಗುಡಾರದ ಸುತ್ತ ಎಣ್ಣೆ ಸುರಿದು ಬೆಂಕಿ ಇಟ್ಟ. "ಈಗ ಕಾಣಿಸ್ತೀಯ" ಅಂದೆ. "ಬೆಂಕಿ ಹಚ್ಚೋದಕ್ಕೆ ಅಟ್ಯಾಕ್ ದಾಳ ಎಲ್ಲಿದೆ ಗುರೂ? ತೀರ್ಪು ನಿಂದೇ" ಅಂದ.

ಸದ್ಯಕ್ಕೆ ಉತ್ತರದ ಮಂಜಿನಲ್ಲಿ ಒಂದು ಬಿಳಿ ಡ್ರ್ಯಾಗನ್ ಹಳ್ಳಿಗಳನ್ನು ಹಾಳು ಮಾಡುತ್ತಿದೆ. ನಮ್ಮವರು ಅಲ್ಲಿಗೆ ಹೋಗಿ, ಎಷ್ಟು ಜನ ಸತ್ತರು ಅಂತ ಒಬ್ಬರನ್ನೂ ಕೇಳಲಿಲ್ಲ. ಅದರ ಕಾಲ್ಬೆರಳು ನೋಡಿದವರು ಯಾರಾದರೂ ಇದ್ದೀರಾ ಅಂತ ಮನೆಮನೆ ವಿಚಾರಿಸುತ್ತಿದ್ದಾರೆ.