ಎರಡು ಕಾರ್ಬುರೇಟರ್, ಒಬ್ಬ ಮಾವ

ನಮ್ಮಲ್ಲಿ ಕಾರು ಕಂಡ ಕೂಡಲೇ ಬರುವ ಮೊದಲ ಪ್ರಶ್ನೆ ‘ಎಷ್ಟು ಕೊಡುತ್ತೆ?’ ಬೆಲೆ, ಬಣ್ಣ, ಮಾಡೆಲ್ ಎಲ್ಲ ಆಮೇಲೆ. ನನ್ನ ಹಳೇ ಮಾರುತಿ ಎಸ್ಟೀಮ್‌ಗೆ ವೆಬರ್ ಕಂಪನಿಯ ಎರಡು ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಉಣಿಸುವ ಭಾಗ) ಕೂರಿಸಿದ ವಾರ ಮಾವನವರೂ ಅದನ್ನೇ ಕೇಳಿದರು.

‘ಕೊಡೋದಿಲ್ಲ ಮಾವ, ಬರೀ ತಗೊಳ್ಳುತ್ತೆ’ ಅಂದೆ.

ಅವರು ನನ್ನನ್ನು ಬಿಟ್ಟು ಮಗಳ ಮುಖ ನೋಡಿದರು.

1994ರಲ್ಲಿ ಎಸ್ಟೀಮ್ ಬಂದಾಗ 1298 ಸಿಸಿ ಎಂಜಿನ್, ಒಂದೇ ಕಾರ್ಬುರೇಟರ್, 65 ಅಶ್ವಶಕ್ತಿ. ಆಮೇಲೆ ಬಂದ, ಕಾರ್ಬುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಎಸ್ಟೀಮ್‌ಗೆ 85. ಬುದ್ಧಿ ಇದ್ದವರು ಅದನ್ನು ಕೊಂಡು ನೆಮ್ಮದಿಯಾಗಿದ್ದಾರೆ. ರೇಸ್ ಹುಚ್ಚಿನವರು ಹಳೇದನ್ನೇ ಹುಡುಕಿ, ವೆಬರ್ 40 ಡಿಸಿಒಇ ಎಂಬ ಮಾಡೆಲ್‌ನ ಜೋಡಿ ಹಾಕಿಸುತ್ತಾರೆ. ಒಂದೊಂದು ವೆಬರ್‌ಗೆ ಎರಡೆರಡು ಬಾಯಿ. ನಾಲ್ಕು ಸಿಲಿಂಡರಿಗೆ ನಾಲ್ಕು ಬಾಯಿ, ಪಂಕ್ತಿಯಲ್ಲಿ ಯಾರಿಗೂ ಕಡಿಮೆ ಬಡಿಸುವ ಹಾಗಿಲ್ಲ.

ಕೆಲಸ ಮಾಡುವ ಬಗೆ ಸರಳ. ಗಾಳಿ ಇಕ್ಕಟ್ಟಾದ ಗಂಟಲಲ್ಲಿ ಜೋರಾಗಿ ನುಗ್ಗುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಜೆಟ್ ಎಂಬ ಹಿತ್ತಾಳೆಯ ಸಣ್ಣ ತೂತಿನಿಂದ ಪೆಟ್ರೋಲ್ ತಾನಾಗಿ ಎದ್ದು ಬರುತ್ತದೆ. ಜೆಟ್ ಮೇಲೆ 120 ಅಂತ ಇದ್ದರೆ ತೂತು 1.20 ಮಿಲಿಮೀಟರ್. 125 ಅಂದರೆ 0.05 ಮಿಲಿಮೀಟರ್ ಜಾಸ್ತಿ. ಕಣ್ಣಿಗೆ ಕಾಣಲ್ಲ, ಪರ್ಸಿಗೆ ಚೆನ್ನಾಗಿ ಕಾಣುತ್ತೆ.

ಕಷ್ಟ ಇರುವುದು ಎರಡನ್ನೂ ಒಂದೇ ಸಮ ಉಸಿರಾಡಿಸುವುದರಲ್ಲಿ. ಅದಕ್ಕೊಂದು ಮೀಟರ್ ಸಿಗುತ್ತದೆ. ನಮ್ಮ ಮೆಕ್ಯಾನಿಕ್‌ಗೆ ಮೀಟರ್ ಮೇಲೆ ನಂಬಿಕೆ ಇಲ್ಲ. ಗೇಣುದ್ದದ ರಬ್ಬರ್ ಪೈಪಿನ ಒಂದು ತುದಿ ಕಿವಿಯಲ್ಲಿ, ಇನ್ನೊಂದು ಕಾರ್ಬುರೇಟರ್ ಬಾಯಲ್ಲಿ. ಎಲ್ಲ ಬಾಯಿಯ ‘ಸ್ಸ್ಸ್’ ಒಂದೇ ಶ್ರುತಿಗೆ ಬರುವ ತನಕ ಸ್ಕ್ರೂ ತಿರುಗಿಸುತ್ತಾನೆ. ಆ ಹೊತ್ತಲ್ಲಿ ಯಾರೂ ಉಸಿರೆತ್ತಬಾರದು. ನಾನು ಎತ್ತಲಿಲ್ಲ. ಮೊದಲ ಮಹಡಿಯ ಕುಕ್ಕರ್ ಎತ್ತಿತು. ಅದು ಸುಮ್ಮನಾಗುವಷ್ಟರಲ್ಲಿ ಮೈಕ್ ಕಟ್ಟಿಕೊಂಡ ಗುಜರಿ ಆಟೋ ಬಂತು. ‘ಹಳೇ ಪೇಪರ್, ಹಳೇ ಕಬ್ಬಿಣ...’ ಮೆಕ್ಯಾನಿಕ್ ಕೈ ಎತ್ತಿ ನಿಲ್ಲಿಸು ಅಂತ ಸನ್ನೆ ಮಾಡಿದ. ಆಟೋದವನು ನಿಲ್ಲಿಸಿ, ಇಳಿದು ಬಂದು, ಬಾನೆಟ್ ಒಳಗೆ ಬಗ್ಗಿ ನೋಡಿದ. ‘ಎಷ್ಟಕ್ಕೆ ಕೊಡ್ತೀರಾ ಸಾರ್?’

ಆಮೇಲೆ ಎದುರು ಮನೆಯ ಅಂಕಲ್ ಬಂದರು. ಕಾಲೇಜು ದಿನಗಳಲ್ಲಿ ಆರ್‌ಎಕ್ಸ್ 100 ಓಡಿಸಿದವರಿಗೆಲ್ಲ ಕಂಡವರ ಕಾರ್ಬುರೇಟರ್ ಮೇಲೆ ಪಿತ್ರಾರ್ಜಿತ ಹಕ್ಕು ಇರುತ್ತದೆ. ‘ಸ್ವಲ್ಪ ರಿಚ್ ಮಾಡಬೇಕು ಕಣಯ್ಯಾ’ (ಅಂದರೆ ಪೆಟ್ರೋಲಿನ ಪಾಲು ಜಾಸ್ತಿ) ಅಂತ ಸ್ಕ್ರೂಡ್ರೈವರ್ ತಗೊಂಡು ಒಂದು ಸ್ಕ್ರೂವನ್ನು ಒಳಗೆ ತಿರುಗಿಸಿದರು. ಆ ಬೈಕಿನಲ್ಲಿ ಇದ್ದದ್ದು ಗಾಳಿಯ ಸ್ಕ್ರೂ, ಒಳಗೆ ಹೋದರೆ ರಿಚ್. ವೆಬರ್‌ನದ್ದು ಮಿಶ್ರಣದ ಸ್ಕ್ರೂ, ಒಳಗೆ ಹೋದರೆ ಪೆಟ್ರೋಲೇ ಕಡಿಮೆ. ಇದನ್ನು ಹೇಳಲು ಮೆಕ್ಯಾನಿಕ್ ಬಾಯಿ ತೆರೆದ. ಅಷ್ಟರಲ್ಲಿ ಕಾರ್ಬುರೇಟರ್ ತನ್ನ ಬಾಯಿಂದಲೇ ‘ಫಟ್’ ಅಂತ ಸೀನಿತು. ಅಂಕಲ್ ಕೈಯಲ್ಲಿದ್ದ ಲೋಟ ಉಳಿಯಿತು, ಕಾಫಿ ಉಳಿಯಲಿಲ್ಲ.

ಇಷ್ಟೆಲ್ಲ ಆದ ಮೇಲೆ ಕಾರು ನಿಜಕ್ಕೂ ಹಾರುತ್ತಿತ್ತು. ಐಡ್ಲಿಂಗ್ ನಿಂತ ನೀರಿನ ಹಾಗೆ. ಸಿಟಿಯಲ್ಲಿ ಲೀಟರಿಗೆ 6 ಬಂದರೆ ಹಬ್ಬ, ಅದು ಬೇರೆ ವಿಷಯ. ಮಾವನವರಿಗೆ ಅದೇ ವಿಷಯ. ನನಗೆ ಗೊತ್ತಿಲ್ಲದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ, ‘ಏನಪ್ಪಾ, ಒಂಚೂರು ಮೈಲೇಜ್ ಬರೋ ಹಾಗೆ ಮಾಡು, ನಾನು ಹೇಳಿದ್ದು ಅಂತ ಹೇಳಬೇಡ’ ಅಂದಿದ್ದರು. ಹಿರಿಯರ ಮಾತು ತೆಗೆದುಹಾಕಬಾರದು ಅಂತ ಅವನು ಸರ್ವಿಸ್ ನೆಪದಲ್ಲಿ 125ರ ಜೆಟ್ ತೆಗೆದು 115 ಹಾಕಿ, ಹಳೇದನ್ನು ಬೇರೆ ಜೆಟ್‌ಗಳಿದ್ದ ಡಬ್ಬಿಗೆ ಹಾಕಿ ಡಿಕ್ಕಿಯಲ್ಲಿಟ್ಟ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಎಥನಾಲ್ ಇದ್ದಷ್ಟೂ ಪೆಟ್ರೋಲ್ ಜಾಸ್ತಿ ಬೇಕು, ಜೆಟ್ ದೊಡ್ಡದಾಗಬೇಕು. ಇಂಜೆಕ್ಷನ್ ಕಾರಿನ ಕಂಪ್ಯೂಟರ್ ಇದನ್ನು ಸರಿಮಾಡಿಕೊಳ್ಳುತ್ತದೆ. ಹಿತ್ತಾಳೆ ತೂತಿಗೆ ಏನು ಗೊತ್ತು?

ಆ ಜೆಟ್ ಹಾಕಿಕೊಂಡೇ ನಾವು ಷಡ್ಡಕನ ಗೃಹಪ್ರವೇಶಕ್ಕೆ ಮಂಗಳೂರಿಗೆ ಹೊರಟೆವು, ಮಾವನವರು ಮುಂದಿನ ಸೀಟಿನಲ್ಲಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಶಿರಾಡಿ ಘಾಟಿ ಇಳಿದ ಹಾಗೆಲ್ಲ ಗಾಳಿ ದಟ್ಟವಾಗುತ್ತದೆ. ಕರಾವಳಿಗೆ ಬರುವಷ್ಟರಲ್ಲಿ ಹತ್ತಿರ ಹತ್ತಿರ ಹತ್ತು ಪರ್ಸೆಂಟ್ ಜಾಸ್ತಿ. ಗಾಳಿ ಏರಿತು, ಪೆಟ್ರೋಲ್ ಆ ಲೆಕ್ಕಕ್ಕೆ ಏರಲಿಲ್ಲ. ಉಪ್ಪಿನಂಗಡಿ ಹತ್ತಿರ ಬಂದಾಗ ಆಕ್ಸಿಲರೇಟರ್ ಒತ್ತಿದರೆ ಕಾರು ಕೆಮ್ಮುತ್ತಿತ್ತು, ಬಿಟ್ಟರೆ ಸೀನುತ್ತಿತ್ತು.

‘ಅಳಿಯಂದ್ರೆ, ಪೆಟ್ರೋಲ್ ಮುಳ್ಳು ಅಲ್ಲಾಡೇ ಇಲ್ಲ ನೋಡಿ!’ ಅಂದರು ಮಾವ, ಖುಷಿಯಿಂದ.

ಮಂಗಳೂರಿನ ಗ್ಯಾರೇಜಿನವರು ಪ್ಲಗ್ ಬಿಚ್ಚಿದರು. ತಿಳಿ ಕಂದು ಬಣ್ಣ ಇರಬೇಕಾದದ್ದು ಪೂರ್ತಿ ಬಿಳಿ, ಪೆಟ್ರೋಲ್ ಸಾಲದ ಗುರುತು. ‘ಎಂತ ಮಾರಾಯ್ರೆ ಇದು? ಯಾರು ಮಾಡಿದ್ದು?’ ಹಿಂದಿನ ಮೆಕ್ಯಾನಿಕ್ ಯಾರು ಅಂತ ಕೇಳದೆ ಕೆಲಸ ಶುರು ಮಾಡಿದ ಮೆಕ್ಯಾನಿಕ್ಕನ್ನು ನಾನಂತೂ ನೋಡಿಲ್ಲ. ವೆಬರ್‌ನ ಒಂದು ಒಳ್ಳೇ ಗುಣ ಅಂದರೆ, ಮೇಲಿನ ಮುಚ್ಚಳ ತೆಗೆದರೆ ಜೆಟ್ ಕೈಗೆ ಸಿಗುತ್ತದೆ. ಡಿಕ್ಕಿಯ ಡಬ್ಬಿಯಿಂದ 130 ಹುಡುಕಿ ಹಾಕಿದರು. ಮಾವನವರು ಅಷ್ಟು ಹೊತ್ತೂ ತೆಂಗಿನ ಮರ ನೋಡುತ್ತಿದ್ದರು.

ಅಲ್ಲಿ ಕಾರು ಭರ್ಜರಿ ಓಡಿತು. ವಾಪಸ್ ಘಾಟಿ ಹತ್ತುವಾಗ ಲೆಕ್ಕ ಉಲ್ಟಾ. ಗಾಳಿ ತೆಳುವಾಯಿತು, ಪೆಟ್ರೋಲ್ ಜಾಸ್ತಿಯಾಯಿತು. ಸಕಲೇಶಪುರ ದಾಟಿದ ಮೇಲೆ ಹಿಂದೆ ಕರಿ ಹೊಗೆ, ಒಳಗೆ ಪೆಟ್ರೋಲ್ ವಾಸನೆ, ಹೆಂಡತಿ ಮೂಗಿಗೆ ಸೆರಗು. ಬಂಕ್ ಕಂಡಾಗಲೆಲ್ಲ ಕಾರು ತಾನೇ ಒಳಗೆ ತಿರುಗುವಂತಿತ್ತು.

ನಮ್ಮ ಮೆಕ್ಯಾನಿಕ್ ಮುಚ್ಚಳ ತೆಗೆದವನೇ ‘ಯಾರು ಸಾರ್ ಇದನ್ನ ಮುಟ್ಟಿದ್ದು?’ ಅಂದ. 115ರ ಕಥೆ ಹೊರಬಿದ್ದದ್ದು ಆಗಲೇ. ಈಗ ಅವನು ಜೆಟ್‌ಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಊರಿನ ಹೆಸರು ಬರೆದಿಟ್ಟಿದ್ದಾನೆ. ಮುಂದಿನ ತಿಂಗಳು ಮಡಿಕೇರಿಯಲ್ಲಿ ಒಂದು ನಾಮಕರಣ ಇದೆ. ಅದು ಬೆಂಗಳೂರಿಗಿಂತಲೂ ಎತ್ತರ, ಆ ಡಬ್ಬಿ ಇನ್ನೂ ರೆಡಿಯಾಗಿಲ್ಲ. ಮಾವನವರು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬುಕ್ ಮಾಡಿದ್ದಾರೆ.