ಚಾಕೊಲೇಟ್ ಸಾಸ್ ಆಮೇಲೆ, ಮೊದಲು ಹಿಟ್ಟಿಗೆ ರುಚಿ ಬರಲಿ

ಪ್ಯಾನ್‌ಕೇಕ್ ಇರಲಿ, ಚೌಕ ಗುಳಿಗಳ ಅಚ್ಚಿನಲ್ಲಿ ಬೇಯುವ ವಾಫಲ್ ಇರಲಿ, ಮೇಲೆ ಏನೂ ಸುರಿಯದೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರೆ ರುಚಿಯಾಗಿರಬೇಕು. ನನಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಬೆಂಗಳೂರಿನಲ್ಲಿ ಈಗ ವಾಫಲ್ ಸಿಗದ ಬಡಾವಣೆ ಹುಡುಕುವುದೇ ಕಷ್ಟ. ಜಯನಗರದಲ್ಲೂ ಸಿಗುತ್ತದೆ, ಮಲ್ಲೇಶ್ವರದಲ್ಲೂ ಸಿಗುತ್ತದೆ, ಮಾಲ್‌ಗಳಲ್ಲಂತೂ ಎಸ್ಕಲೇಟರ್ ಹತ್ತುವ ಮೊದಲೇ ಅದರ ಘಮ ಮೂಗಿಗೆ ಬಡಿಯುತ್ತದೆ. ಆದರೆ ಬಹಳ ಕಡೆ ನಾವು ದುಡ್ಡು ಕೊಟ್ಟು ತಿನ್ನುತ್ತಿರುವುದು ಚಾಕೊಲೇಟ್ ಸಾಸ್, ಬಿಸ್ಕತ್ತಿನ ಪುಡಿ, ಐಸ್‌ಕ್ರೀಮ್. ಅವನ್ನೆಲ್ಲ ಪಕ್ಕಕ್ಕೆ ಸರಿಸಿ ನೋಡಿ, ಕೆಳಗಿರುವ ವಾಫಲ್‌ಗೆ ಸಿಹಿ ಬಿಟ್ಟರೆ ಬೇರೆ ರುಚಿಯೇ ಇರುವುದಿಲ್ಲ.

ನನಗೆ ಇದು ನಿಜಕ್ಕೂ ಬೇಜಾರು. ಹಿಟ್ಟಿನ ಬಗ್ಗೆ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅಲ್ವಾ? ದೋಸೆ ಹಿಟ್ಟು ಸರಿಯಾಗಿ ಹುದುಗಿಲ್ಲ ಅಂದರೆ ಮೊದಲ ತುತ್ತಿಗೇ ಗೊತ್ತಾಗಿಬಿಡುತ್ತದೆ. ಡಿಸೆಂಬರ್ ಚಳಿಯಲ್ಲಿ ಹಿಟ್ಟಿನ ಪಾತ್ರೆ ಎಲ್ಲಿಡಬೇಕು, ಏಪ್ರಿಲ್‌ನಲ್ಲಿ ಎಷ್ಟು ಹೊತ್ತಿಗೆ ಫ್ರಿಜ್‌ಗೆ ಸೇರಿಸಬೇಕು ಅನ್ನುವುದು ಇಲ್ಲಿನ ಮನೆಮನೆಗೂ ಗೊತ್ತು. ಅಷ್ಟು ತಿಳಿದ ನಾಲಿಗೆ ಪ್ಯಾನ್‌ಕೇಕ್ ಮುಂದೆ ಬಂದಾಗ ಯಾಕೆ ಇಷ್ಟಕ್ಕೇ ಸುಮ್ಮನಾಗಬೇಕು?

ಮೊದಲು ಪ್ಯಾನ್‌ಕೇಕ್ ವಿಷಯ. ನನಗೆ ಇಷ್ಟವಾಗುವುದು ಅಮೆರಿಕದವರ ಬಟರ್‌ಮಿಲ್ಕ್ ಪ್ಯಾನ್‌ಕೇಕ್. ಅಲ್ಲಿನ ಅಂಗಡಿಗಳಲ್ಲಿ ಸಿಗುವ ಬಟರ್‌ಮಿಲ್ಕ್ ಗಟ್ಟಿಯಾಗಿ, ಹುಳಿಯಾಗಿ ಇರುತ್ತದೆ. ನಮ್ಮ ನೀರು ಮಜ್ಜಿಗೆ ಹಾಕಿದರೆ ಅದು ಬರುವುದಿಲ್ಲ. ನಮ್ಮನೆಯಲ್ಲಿ ಇದಕ್ಕೆ ದಾರಿ ತೋರಿಸಿದವರು ಅತ್ತೆ. "ನಿನ್ನೆ ಮೊಸರು ಇದೆಯಲ್ಲಮ್ಮ, ಅದಕ್ಕೇ ಸ್ವಲ್ಪ ಹಾಲು ಬೆರೆಸಿ ಹಾಕು" ಅಂದರು. ಅಲ್ಲಿಂದ ಇವತ್ತಿನವರೆಗೂ ಅದೇ ಅಳತೆ. ಹುಳಿ ಮೊಸರು ಮುಕ್ಕಾಲು ಕಪ್, ಹಾಲು ಕಾಲು ಕಪ್. ಅದಕ್ಕೆ ಒಂದು ಕಪ್ ಮೈದಾ, ಅರ್ಧ ಟೀ ಚಮಚ ಅಡುಗೆ ಸೋಡಾ, ಒಂದು ಮೊಟ್ಟೆ, ಎರಡು ದೊಡ್ಡ ಚಮಚ ಕರಗಿಸಿದ ಬೆಣ್ಣೆ, ಒಂದೇ ಒಂದು ದೊಡ್ಡ ಚಮಚ ಸಕ್ಕರೆ, ಕಾಲು ಟೀ ಚಮಚ ಉಪ್ಪು. ಸಿಹಿ ತಿಂಡಿ ಅಂತ ಉಪ್ಪು ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಉಪ್ಪಿಲ್ಲದ ಪ್ಯಾನ್‌ಕೇಕ್ ಬರೀ ಸಪ್ಪೆ.

ಮೊಸರಿನ ಹುಳಿಗೂ ಸೋಡಾಗೂ ತಾಗಿದ ಕೂಡಲೇ ಗುಳ್ಳೆ ಏಳುತ್ತದೆ. ಆ ಕಾರ್ಬನ್ ಡೈಆಕ್ಸೈಡ್‌ನಿಂದಲೇ ಪ್ಯಾನ್‌ಕೇಕ್ ಉಬ್ಬುವುದು. ಇನ್ನೂ ಚೆನ್ನಾಗಿ ಉಬ್ಬಲಿ ಅಂತ ಸೋಡಾ ಜಾಸ್ತಿ ಹಾಕಿದರೆ ಮೊಸರಿನ ಹುಳಿ ಪೂರ್ತಿ ಹೋಗಿ, ಸೋಡಾದ ಚೌಳು ರುಚಿ ಮಾತ್ರ ಉಳಿಯುತ್ತದೆ. ನನಗೆ ಕೊನೆಯಲ್ಲಿ ಸಣ್ಣಗೆ ಹುಳಿ ಸಿಗಲೇಬೇಕು. ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಹಿಟ್ಟಿನೊಳಗಿನ ಗುಳ್ಳೆ ಬೇಗ ದೊಡ್ಡದಾಗುತ್ತದೆ. ಅಮೆರಿಕದ ಅಡುಗೆಯವರು 3000 ಅಡಿ, ಅಂದರೆ ಸುಮಾರು 914 ಮೀಟರ್ ದಾಟಿದರೆ ಬೇಕಿಂಗ್ ಪೌಡರ್ ಸ್ವಲ್ಪ ಕಡಿಮೆ ಮಾಡಿ ಅನ್ನುತ್ತಾರೆ. ನಾವು ಸರಿಯಾಗಿ ಆ ಗಡಿಯ ಮೇಲೇ ಇದ್ದೇವೆ. ಹಾಗಾಗಿ ಯೂಟ್ಯೂಬ್‌ನಲ್ಲಿ ಯಾರೋ ತುಂಬಿದ ಎರಡು ಚಮಚ ಬೇಕಿಂಗ್ ಪೌಡರ್ ಹೇಳಿದರೆ ಇಲ್ಲಿ ಚಮಚದ ತಲೆ ಸವರಿ ಹಾಕಿ. ಸಾಕು.

ಹಿಟ್ಟು ಕಲಸುವಾಗ ಬಹಳ ಜನ ಗಂಟು ಹೋಗುವವರೆಗೂ ತಿರುಗಿಸುತ್ತಲೇ ಇರುತ್ತಾರೆ. ಅದು ಬೇಡ. ಜಾಸ್ತಿ ತಿರುಗಿಸಿದಷ್ಟೂ ಮೈದಾದಲ್ಲಿ ಅಂಟು ಕೊಡುವ ಗ್ಲುಟೆನ್ ಬಿಗಿಯಾಗಿ ಪ್ಯಾನ್‌ಕೇಕ್ ರಬ್ಬರ್ ಆಗುತ್ತದೆ. ಒಣ ಹಿಟ್ಟು ಕಾಣದಷ್ಟು ಕಲಸಿ, ಸಣ್ಣ ಗಂಟುಗಳನ್ನು ಹಾಗೇ ಬಿಟ್ಟು, ಹತ್ತು ನಿಮಿಷ ಮುಚ್ಚಿಡಿ. ಗಂಟು ತಾನೇ ನೆನೆದು ಕರಗುತ್ತದೆ.

ಆಮೇಲೆ ಕಾವಲಿ. ದೋಸೆಯ ಉರಿ ಇದಕ್ಕೆ ಆಗುವುದಿಲ್ಲ, ಅದಕ್ಕಿಂತ ಸಣ್ಣಗಿರಬೇಕು. ಒಂದು ಸೌಟು ಹಿಟ್ಟು ಹಾಕಿ ಸುಮ್ಮನೆ ಬಿಡಿ, ಹರಡಬೇಡಿ. ತಾನೇ ಎಷ್ಟು ಹರಡುತ್ತದೋ ಅಷ್ಟೇ ಅದರ ಅಗಲ. ಒಂದು ನಿಮಿಷ ಕಳೆಯುವಷ್ಟರಲ್ಲಿ ಅಂಚಿನಲ್ಲಿ ಗುಳ್ಳೆ ಏಳುತ್ತದೆ. ಆಗಲೇ ಮಗುಚುವ ಆಸೆಯಾಗುತ್ತದೆ. ತಡೆಯಿರಿ. ಮೊದಲು ಬಂದ ಗುಳ್ಳೆ ಒಡೆದಾಗ ಆ ಜಾಗಕ್ಕೆ ಹಸಿ ಹಿಟ್ಟು ಬಂದು ತೂತು ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಗುಳ್ಳೆ ಒಡೆದರೂ ತೂತು ತೂತಾಗಿಯೇ ಉಳಿಯುತ್ತದೆ, ಅಂಚಿನ ಹೊಳಪು ಹೋಗಿ ಮಂಕಾಗುತ್ತದೆ. ಅದೇ ಸಮಯ. ಒಂದೇ ಸಲ ಮಗುಚಬೇಕು, ಮೇಲಿಂದ ಸೌಟಿನಲ್ಲಿ ಒತ್ತಬಾರದು. ಒತ್ತಿದರೆ ಅಷ್ಟು ಹೊತ್ತು ಕಾದು ಕೂಡಿಸಿದ ಗಾಳಿಯೆಲ್ಲ ಹೊರಗೆ.

ನಮ್ಮನೆಯಲ್ಲೇ ಇದಕ್ಕೆ ಒಮ್ಮತ ಇಲ್ಲ. ಮಗಳಿಗೆ ಜಪಾನಿನ ಸೂಫ್ಲೆ ಪ್ಯಾನ್‌ಕೇಕ್ ಬೇಕು. ಮೊಟ್ಟೆಯ ಬಿಳಿಭಾಗವನ್ನು ಗಟ್ಟಿಯಾಗುವ ತನಕ ಬೀಸಿ, ಹಿಟ್ಟಿಗೆ ಮೆಲ್ಲಗೆ ಬೆರೆಸಿ, ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಬೇಯಿಸುವುದು. ತಟ್ಟೆಗೆ ಹಾಕಿದಾಗ ಅಲ್ಲಾಡುವ ಚೆಂದಕ್ಕೆ ನಾನೂ ಮರುಳಾಗುತ್ತೇನೆ. ಆದರೆ ಬಾಯಲ್ಲಿ ಮೊಟ್ಟೆಯ ಗಾಳಿಯೇ ಜಾಸ್ತಿ, ಹಿಟ್ಟಿನ ರುಚಿ ಕಡಿಮೆ. ನಮ್ಮೆಜಮಾನರಿಗೆ ಇಂಗ್ಲೆಂಡಿನವರ ತೆಳು ಪ್ಯಾನ್‌ಕೇಕ್ ಇಷ್ಟ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು ಶುರುವಾಗುವ ಹಿಂದಿನ ದಿನ, ಮಂಗಳವಾರ, ಅಲ್ಲಿ ಮನೆಮನೆಯಲ್ಲೂ ಮಾಡುತ್ತಾರೆ. ಸೋಡಾ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಮೈದಾ, ಹಾಲು, ಮೊಟ್ಟೆ ಅಷ್ಟೇ. ಮೇಲೆ ನಿಂಬೆರಸ, ಸಕ್ಕರೆ. ಇದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ನಿಂಬೆಯ ಹುಳಿ ಹಿಟ್ಟಿನ ರುಚಿಯನ್ನು ಮುಚ್ಚುವುದಿಲ್ಲ, ಎತ್ತಿ ಹಿಡಿಯುತ್ತದೆ.

ಈಗ ವಾಫಲ್. ಇಲ್ಲಿ ನಾನು ಸ್ವಲ್ಪ ಹಟಮಾರಿ.

ಪ್ಯಾನ್‌ಕೇಕ್ ಹಿಟ್ಟನ್ನೇ ವಾಫಲ್ ಮೇಕರ್‌ಗೆ ಸುರಿದರೆ ವಾಫಲ್ ಆಗುವುದಿಲ್ಲ. ಪ್ಯಾನ್‌ಕೇಕ್ ಮೆತ್ತಗಿರಬೇಕು, ವಾಫಲ್ ಹೊರಗೆ ಗರಿಗರಿಯಾಗಿರಬೇಕು. ಅದಕ್ಕೆ ಬೆಣ್ಣೆ ಜಾಸ್ತಿ ಬೇಕು. ನನ್ನ ಪ್ರಕಾರ ಯೀಸ್ಟ್ ಕೂಡ ಬೇಕು. ಬೆಲ್ಜಿಯಂನ ಬ್ರಸೆಲ್ಸ್ ವಾಫಲ್ ಮೂಲದಲ್ಲಿ ಯೀಸ್ಟ್ ಹಾಕಿ ಹುದುಗಿಸಿದ ಹಿಟ್ಟಿನದು. 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಬೆಲ್ಜಿಯಂನಿಂದ ಬಂದ ಮಾರಿಸ್ ವರ್ಮೆರ್ಶ್ ಕುಟುಂಬ ಅದನ್ನು ಸ್ಟ್ರಾಬೆರಿ, ಕ್ರೀಮ್ ಜತೆ ಮಾರಿತು. ಅಮೆರಿಕದ ಜನ ಮುಗಿಬಿದ್ದರು. ಆಮೇಲೆ ಅಲ್ಲಿ ಅದೇ ಹೆಸರಿನಲ್ಲಿ ಬೇಕಿಂಗ್ ಪೌಡರ್ ವಾಫಲ್‌ಗಳೂ ಬಂದವು. ಸ್ಟ್ರಾಬೆರಿ, ಕ್ರೀಮ್ ಉಳಿದವು, ಬಹಳ ಕಡೆ ಹುದುಗು ಹೋಯಿತು. ನನ್ನ ದೂರು ಇರುವುದು ಇಲ್ಲೇ.

ರಾತ್ರಿ 2 ಕಪ್ ಮೈದಾ, 2 ಕಪ್ ಉಗುರುಬೆಚ್ಚಗಿನ ಹಾಲು, 100 ಗ್ರಾಂ ಕರಗಿಸಿದ ಬೆಣ್ಣೆ, ಒಂದು ಟೀ ಚಮಚ ಯೀಸ್ಟ್, ಒಂದು ಟೀ ಚಮಚ ಸಕ್ಕರೆ, ಒಂದು ಟೀ ಚಮಚ ಉಪ್ಪು ಕಲಸಿ ದೊಡ್ಡ ಪಾತ್ರೆಯಲ್ಲಿ ಮುಚ್ಚಿಡಿ. ಪಾತ್ರೆ ದೊಡ್ಡದೇ ಇರಲಿ, ಉಕ್ಕುತ್ತದೆ. ಚಳಿಗಾಲದಲ್ಲಿ ಹೊರಗೇ ಇರಲಿ. ಬೇಸಿಗೆಯಲ್ಲಿ ಒಂದೆರಡು ಗಂಟೆ ಹೊರಗಿಟ್ಟು ಫ್ರಿಜ್‌ಗೆ ಹಾಕಿ. ಬೆಳಗ್ಗೆ ಎರಡು ಮೊಟ್ಟೆ, ಕಾಲು ಟೀ ಚಮಚ ಸೋಡಾ ಬೆರೆಸಿದರೆ ಹಿಟ್ಟು ತಯಾರು. ತೀರಾ ನೀರಾಗಿ ಕಾಣುತ್ತದೆ, ಹೆದರಬೇಡಿ. ಬೆಂದ ಮೇಲೆ ಬರುವ ಆ ಘಮ, ಆ ಸಣ್ಣ ಹುಳಿ, ಯಾವ ಸಾಸಿನಲ್ಲೂ ಸಿಗುವುದಿಲ್ಲ.

ಬೇಯುವಾಗ ಮೇಕರ್‌ನ ಬದಿಯಿಂದ ಹಬೆ ಬರುತ್ತಿರುತ್ತದೆ. ಹಬೆ ನಿಲ್ಲುತ್ತಾ ಬರುವವರೆಗೂ ಮುಚ್ಚಳ ಎತ್ತಬೇಡಿ. ಹಬೆ ಜೋರಾಗಿದೆ ಅಂದರೆ ಒಳಗೆ ಇನ್ನೂ ನೀರಿದೆ ಅಂತ. ತೆಗೆದ ಮೇಲೆ ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಲೂಬೇಡಿ. ತಂತಿಯ ಸ್ಟ್ಯಾಂಡ್ ಮೇಲೆ ಬಿಡಿಬಿಡಿಯಾಗಿ ಇಡಿ, ಕೆಳಗಿನಿಂದಲೂ ಗಾಳಿ ಆಡಲಿ. ಒಂದು ಅಂಗಡಿಯಲ್ಲಿ ನನ್ನ ಕಣ್ಣೆದುರೇ ಬಿಸಿ ವಾಫಲ್‌ಗೆ ಸಾಸ್ ಸುರಿದು, ಎರಡಾಗಿ ಮಡಚಿ, ಕಾಗದದ ಡಬ್ಬಕ್ಕೆ ಹಾಕಿ, ಗಟ್ಟಿಯಾಗಿ ಮುಚ್ಚಿ ಕೊಟ್ಟರು. ಮನೆ ತಲುಪುವಷ್ಟರಲ್ಲಿ ತನ್ನ ಹಬೆಯಲ್ಲೇ ನೆನೆದು ಮುದ್ದೆ ಆಗಿತ್ತು. ಮಾಡುವವರಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ನಾವು ಕೇಳುವುದಿಲ್ಲ, ಅವರು ಬದಲಾಯಿಸುವುದಿಲ್ಲ.

ಬೆಲ್ಜಿಯಂನದೇ ಲೀಜ್ ಊರಿನ ವಾಫಲ್ ಬೇರೆಯದೇ ಜಾತಿ. ಅದು ಸೌಟಿನಲ್ಲಿ ಹಾಕುವ ಹಿಟ್ಟಲ್ಲ, ಬನ್ ಹಿಟ್ಟಿನ ಹಾಗೆ ಉಂಡೆ ಮಾಡಿ ಇಡುವುದು. ಒಳಗೆ ದಪ್ಪ ಸಕ್ಕರೆ ಹರಳು ಹಾಕುತ್ತಾರೆ. ಕಾದ ಅಚ್ಚಿಗೆ ತಾಗಿ ಅದು ಕರಗಿ ಹೊರಮೈಗೆ ಕ್ಯಾರಮೆಲ್ ಆಗಿ ಅಂಟುತ್ತದೆ. ಆ ಹರಳು ಸಿಗದಿದ್ದರೆ ಸಕ್ಕರೆ ಕ್ಯೂಬ್ ಕುಟ್ಟಿ ಹಾಕಬಹುದು. ಇದಕ್ಕೆ ಮೇಲೆ ಏನೂ ಬೇಡ. ಕೈಯಲ್ಲಿ ಹಿಡಿದು ತಿನ್ನಬಹುದು.

ಮೇಪಲ್ ಸಿರಪ್ ಬಗ್ಗೆ ಒಂದು ಮಾತು ಹೇಳಲೇಬೇಕು. ಮೇಪಲ್ ಮರದ ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಸಿರಪ್. ಜಗತ್ತಿನಲ್ಲಿ ಅತಿ ಹೆಚ್ಚು ಮಾಡುವುದು ಕೆನಡಾದ ಕ್ವಿಬೆಕ್ ಪ್ರಾಂತ್ಯ. ಅಷ್ಟು ದೂರದಿಂದ ಬರುವುದು ಅಗ್ಗಕ್ಕೆ ಸಿಗಲಾರದು. ಅಗ್ಗಕ್ಕೆ ಸಿಗುವ ಎಷ್ಟೋ ಬಾಟಲಿಗಳು ಮೆಕ್ಕೆಜೋಳದ ಸಿರಪ್‌ಗೆ ಬಣ್ಣ, ಪರಿಮಳ ಸೇರಿಸಿದವು. ಲೇಬಲ್ ತಿರುಗಿಸಿ ಓದಿ, ಪದಾರ್ಥದ ಸಾಲಿನಲ್ಲಿ ಮೇಪಲ್ ಸಿರಪ್ ಅನ್ನುವುದೊಂದೇ ಇರಬೇಕು. ನಾನು ಅದರ ತಂಟೆಗೆ ಹೋಗುವುದಿಲ್ಲ. ಆಲೆಮನೆ ಕಾಲದಲ್ಲಿ ಶಿರಸಿ ಕಡೆಯಿಂದ ಬರುವ ಜೋನಿಬೆಲ್ಲ ಒಂದು ಡಬ್ಬ ಇದ್ದರೆ ನನಗೆ ವರ್ಷವಿಡೀ ಸಾಕು. ಬಿಸಿ ಪ್ಯಾನ್‌ಕೇಕ್ ಮೇಲೆ ಒಂದು ಗುಂಡು ಬೆಣ್ಣೆ, ಅದು ಕರಗುವಾಗ ಒಂದು ಚಮಚ ಜೋನಿಬೆಲ್ಲ. ಬೆಲ್ಲದಲ್ಲಿರುವ ಆ ಸಣ್ಣ ಉಪ್ಪಿನ ರುಚಿ ಹುಳಿ ಹಿಟ್ಟಿನ ಜತೆ ಎಷ್ಟು ಚೆನ್ನಾಗಿ ಕೂಡುತ್ತದೆ ಅಂತ ಬರೆದು ತಿಳಿಸುವುದು ಕಷ್ಟ.

ಮೊಟ್ಟೆ ತಿನ್ನದ ಮನೆಗಳು ನಮ್ಮಲ್ಲಿ ಬಹಳ. ಪ್ಯಾನ್‌ಕೇಕ್‌ಗೆ ಮೊಟ್ಟೆ ಇಲ್ಲದಿದ್ದರೆ ಏನೂ ನಷ್ಟವಿಲ್ಲ. ಹುಳಿ ಮೊಸರು ಇದ್ದೇ ಇದೆ, ಚೆನ್ನಾಗಿ ಕಳಿತ ಏಲಕ್ಕಿ ಬಾಳೆಹಣ್ಣು ಒಂದು ಕಿವುಚಿ ಹಾಕಿ. ವಾಫಲ್‌ಗೆ ಮಾತ್ರ ಬಾಳೆಹಣ್ಣು ಬೇಡ, ಅಚ್ಚಿಗೆ ಅಂಟುತ್ತದೆ, ಗರಿ ಬರುವುದಿಲ್ಲ. ಅಲ್ಲಿ ಎರಡು ಚಮಚ ಕಾರ್ನ್‌ಫ್ಲೋರ್ ಸೇರಿಸಿ.

ರಾಗಿ ಪ್ಯಾನ್‌ಕೇಕ್ ಈಗ ಕೆಫೆಗಳ ಮೆನುವಿನಲ್ಲೂ ಬರುತ್ತಿದೆ. ಒಳ್ಳೆಯದೇ. ಆದರೆ ರಾಗಿಯಲ್ಲಿ ಗ್ಲುಟೆನ್ ಇಲ್ಲ, ಬರೀ ರಾಗಿ ಹಾಕಿದರೆ ಮಗುಚುವಾಗ ಮುರಿಯುತ್ತದೆ. ಒಂದು ಪಾಲು ರಾಗಿ, ಎರಡು ಪಾಲು ಗೋಧಿ ಹಾಕಿ ಅರ್ಧ ಗಂಟೆ ನೆನೆಯಲು ಬಿಟ್ಟರೆ ಸರಿಹೋಗುತ್ತದೆ. ಬೆಲ್ಲವನ್ನು ಹಿಟ್ಟಿಗೆ ಜಾಸ್ತಿ ಬೆರೆಸಬೇಡಿ. ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ.

ಅಂದ ಹಾಗೆ, ಕೊಂಕಣಿ ಮನೆಗಳ ಸುರ್ನಳಿ ತಿಂದಿದ್ದೀರಾ? ಅಕ್ಕಿ, ಅವಲಕ್ಕಿ, ತೆಂಗಿನಕಾಯಿ, ಮಜ್ಜಿಗೆ, ಬೆಲ್ಲ ಹಾಕಿ ರುಬ್ಬಿ ರಾತ್ರಿಯಿಡೀ ಹುದುಗಿಸಿ, ಒಂದೇ ಬದಿ ಬೇಯಿಸುತ್ತಾರೆ. ಮೈತುಂಬ ತೂತು, ಮುಟ್ಟಿದರೆ ಮೆತ್ತಗೆ, ಮೇಲೆ ಬೆಣ್ಣೆ. ಕೆಫೆಯ ಪ್ಯಾನ್‌ಕೇಕ್ ಪಟ್ಟಿಯಲ್ಲಿ ಇದಕ್ಕೆ ಮೊದಲ ಸಾಲಿನಲ್ಲೇ ಜಾಗ ಇರಬೇಕು. ಹಾಗೆಯೇ ಪಡ್ಡು ಕಾವಲಿ. ನೆದರ್ಲೆಂಡ್ಸ್‌ನವರ ಸಣ್ಣ ಸಣ್ಣ ಪೊಫರ್ಟ್ಯೆಸ್ ಪ್ಯಾನ್‌ಕೇಕ್ ಬೇಯುವುದೂ ಗುಳಿ ಗುಳಿಯ ಕಾವಲಿಯಲ್ಲೇ. ಮೇಲಿನ ಯೀಸ್ಟ್ ಹಿಟ್ಟನ್ನೇ ಪಡ್ಡು ಕಾವಲಿಗೆ ಹಾಕಿ ಸಕ್ಕರೆ ಪುಡಿ ಉದುರಿಸಿ ಕೊಡಿ, ಮಕ್ಕಳು ತಟ್ಟೆ ಬಿಡುವುದಿಲ್ಲ.

ವಾಫಲ್ ಮೇಕರ್ ಕೊಂಡು ಅಟ್ಟಕ್ಕೆ ಹಾಕಿರುವವರಿಗೆ ಕೊನೆಯದಾಗಿ ಇದೊಂದು. ಮಿಕ್ಕ ಇಡ್ಲಿ ಹಿಟ್ಟಿಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಚಿಟಿಕೆ ಜೀರಿಗೆ ಹಾಕಿ. ಹಿಟ್ಟು ಗಟ್ಟಿಯಾಗಿಯೇ ಇರಲಿ, ನೀರು ಬೇಡ. ಅಚ್ಚಿನ ಎರಡೂ ಬದಿಗೆ ಧಾರಾಳವಾಗಿ ಎಣ್ಣೆ ಸವರಿ, ಚೆನ್ನಾಗಿ ಕಾದ ಮೇಲೆ ಹಾಕಿ, ಹಬೆ ನಿಲ್ಲುವ ತನಕ ಬೇಯಿಸಿ. ಹೊರಗೆ ಮಸಾಲೆ ದೋಸೆಯ ಅಂಚಿನ ಗರಿ, ಒಳಗೆ ಇಡ್ಲಿಯ ಮೆತ್ತಗೆ. ಕಾಯಿ ಚಟ್ನಿ ಸ್ವಲ್ಪ ತೆಳುವಾಗಿಯೇ ಮಾಡಿ, ಆ ಚೌಕ ಗುಳಿಗಳಲ್ಲಿ ಚೆನ್ನಾಗಿ ನಿಲ್ಲುತ್ತದೆ.