ಕಿವಿಗೊಂದು ಗರಿ

ಕಾಪುವಿನ ನಮ್ಮ ಹಳೆಯ ಹೆಂಚಿನ ಮನೆಯಲ್ಲಿ ಅಜ್ಜನಿಗೆ ಎರಡು ಖಾಸಗಿ ಆಸ್ತಿಗಳಿದ್ದವು. ಒಂದು ಎಲೆಯಡಿಕೆಯ ಪೆಟ್ಟಿಗೆ. ಇನ್ನೊಂದು, ಜಗಲಿಯ ಮಾಡಿನಲ್ಲಿ ಪಕ್ಕಾಸಿಗೂ ರೀಪಿಗೂ ನಡುವೆ ಸಿಕ್ಕಿಸಿಟ್ಟ ಒಂದು ಕೋಳಿಗರಿ. ಪೆಟ್ಟಿಗೆಗೆ ಮನೆಯವರೆಲ್ಲ ಕೈಹಾಕುತ್ತಿದ್ದರು. ಗರಿಯನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ, ಮುಟ್ಟಬೇಕೆಂದು ಯಾರಿಗೂ ಅನ್ನಿಸುತ್ತಲೂ ಇರಲಿಲ್ಲ. ಅದು ಅಜ್ಜನ ಕಿವಿಯ ಗರಿ.

ಎಲ್ಲ ಗರಿಯೂ ಕಿವಿಗೆ ಆಗುವುದಿಲ್ಲ. ಹುಂಜದ ಬಾಲದ್ದು ನೋಡಲು ಚಂದ, ಆದರೆ ಉದ್ದ; ಹೇಳಿದ ಮಾತು ಕೇಳದೆ ಬಾಗುತ್ತದೆ. ಎದೆಯದ್ದು ಬರೀ ತುಪ್ಪಳ. ಹೇಂಟೆಯ ರೆಕ್ಕೆಯದ್ದೇ ಆಗಬೇಕು, ಅದೂ ತಾನಾಗಿ ಉದುರಿದ್ದು. ಅಜ್ಜ ಅದನ್ನು ಬುಡದಿಂದ ಸುಲಿಯುತ್ತಾ ಬಂದು, ತುದಿಯಲ್ಲಿ ಕಿರುಬೆರಳಿನ ಉಗುರಿನಷ್ಟು ಮಾತ್ರ ಎಳೆಗಳನ್ನು ಉಳಿಸಿ, ಬಿಸಿನೀರಿನಲ್ಲಿ ಅದ್ದಿ ಒಣಗಿಸಿ ಮಾಡಿಗೆ ಸಿಕ್ಕಿಸುತ್ತಿದ್ದರು. ಮಧ್ಯಾಹ್ನ ಗಂಜಿ ಉಂಡು ಆರಾಮಕುರ್ಚಿಯಲ್ಲಿ ಒರಗಿದ ಮೇಲೆ ಕೈ ತಾನಾಗಿ ಮೇಲಕ್ಕೆ ಹೋಗುತ್ತಿತ್ತು. ಹೆಬ್ಬೆರಳು ತೋರುಬೆರಳುಗಳ ನಡುವೆ ಬತ್ತಿ ಹೊಸೆಯುವ ಹಾಗೆ ಗರಿ ತಿರುಗುತ್ತಿತ್ತು. ಒಂದು ಕಣ್ಣು ಮುಚ್ಚುತ್ತಿತ್ತು, ಬಾಯಿ ಒಂದು ಬದಿಗೆ ಸರಿಯುತ್ತಿತ್ತು. ನಡುವೆ ಎರಡು ಸಲ ಕೆಮ್ಮು. ಕಿವಿಯೊಳಗೆ ಕೆರೆದರೆ ಗಂಟಲಿಗೇಕೆ ಕೆಮ್ಮು ಎಂದು ಆಗ ಆಶ್ಚರ್ಯವಾಗುತ್ತಿತ್ತು. ಗಂಟಲು, ಎದೆ, ಹೊಟ್ಟೆಗಳಿಗೆ ಹೋಗುವ ವೇಗಸ್ ನರದ ಒಂದು ಕವಲು ಕಿವಿಯ ಕೊಳವೆಗೂ ಬರುತ್ತದೆಯಂತೆ. ಕೆಲವರಲ್ಲಿ ಅದನ್ನು ತಟ್ಟಿದರೆ ಕೆಮ್ಮು ಎದ್ದು ಬರುತ್ತದೆ. ಅಜ್ಜನಿಗೆ ನರದ ಹೆಸರು ಗೊತ್ತಿರಲಿಲ್ಲ. ನಮಗೆ ಮಾತ್ರ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು: ಎರಡನೆಯ ಕೆಮ್ಮಿನ ನಂತರ ಎಂಟಾಣೆ ಕೇಳಿದರೆ ಇಲ್ಲ ಎನ್ನುತ್ತಿರಲಿಲ್ಲ.

ಈ ಚಟ ಒಂದು ತಲೆಮಾರು ಬಿಟ್ಟು ನನಗೆ ಬಂದಿದೆ. ಉಡುಪಿಯ ಫ್ಲ್ಯಾಟಿನಲ್ಲಿ ಪಕ್ಕಾಸೂ ಇಲ್ಲ, ಹೇಂಟೆಯೂ ಇಲ್ಲ. ಬ್ರಾಯ್ಲರ್ ಕೋಳಿ ಅಂಗಡಿಯಿಂದ ಚರ್ಮ ಸುಲಿಸಿಕೊಂಡೇ ಬರುತ್ತದೆ. ಹಾಗಾಗಿ ಊರಿನ ಕೋಳಿ ಸಾಕಿರುವ ತಂಗಿ, ಬರುವಾಗ ಬಸಳೆಯ ಕಟ್ಟಿನ ಜೊತೆ ಹಳೆಯ ಪೇಪರಿನಲ್ಲಿ ನಾಲ್ಕು ಗರಿ ಸುತ್ತಿ ತರುತ್ತಾಳೆ. ಹೆಂಡತಿಗೆ ಇದು ಸುತರಾಂ ಇಷ್ಟವಿಲ್ಲ. ಹೋದ ಮಳೆಗಾಲದಲ್ಲಿ ಕಿವಿಯೊಳಗೆ ಬೂಷ್ಟು ಬೆಳೆದು ಡಾಕ್ಟರರ ಬಳಿ ಹೋದಾಗ, ಅವರು ನನ್ನ ಕಿವಿಯನ್ನು ನೋಡಿ ಮಾತನಾಡಿದ್ದು ಅವಳ ಹತ್ತಿರ. ಗುಗ್ಗೆಯನ್ನು ಯಾರೂ ತೆಗೆಯಬೇಕಾಗಿಲ್ಲ, ಅದು ತಾನಾಗಿ ಹೊರಗೆ ಬರುತ್ತದೆ. ಈ ಕರಾವಳಿಯ ತೇವಕ್ಕೆ ಕೆರೆದ ಕಿವಿಯಲ್ಲಿ ಬೂಷ್ಟು ಬಾರದಿದ್ದರೇ ಆಶ್ಚರ್ಯ ಎಂದರು. ಸರಿಯಾದ ಮಾತು, ನಾನು ಒಪ್ಪುತ್ತೇನೆ. ಒಪ್ಪುವುದು ಬೇರೆ, ಮಧ್ಯಾಹ್ನದ ಎರಡೂವರೆ ಗಂಟೆ ಬೇರೆ.

ಈಗ ನಾನು ಗರಿಯನ್ನು ಹೆಚ್ಚಾಗಿ ಕಣ್ಣಿನಿಂದಲೇ ಅನುಭವಿಸುತ್ತೇನೆ. ಒಂದು ಗರಿಯನ್ನು ಕೈಗೆತ್ತಿಕೊಂಡು ಅದರ ಅಲಗನ್ನು ಅಡ್ಡಕ್ಕೆ ಹರಿಯಿರಿ. ಸೀಳು ಬೀಳುತ್ತದೆ. ಇನ್ನು ಬುಡದಿಂದ ತುದಿಗೆ ಎರಡು ಬೆರಳಿನಲ್ಲಿ ನೇವರಿಸಿ. ಸೀಳೇ ಇಲ್ಲ! ಕಡ್ಡಿಯಿಂದ ಹೊರಟ ಎಳೆಗಳಿಗೆ ಕಿರಿಯೆಳೆಗಳು, ಆ ಕಿರಿಯೆಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳು. ಒಂದರ ಕೊಕ್ಕೆ ಪಕ್ಕದ್ದನ್ನು ಹಿಡಿದುಕೊಳ್ಳುತ್ತದೆ. ನಮ್ಮ ಪ್ಯಾಂಟಿನ ಜಿಪ್ ಒಮ್ಮೆ ಹಲ್ಲು ಬಿಟ್ಟರೆ ದರ್ಜಿಯ ಬಳಿಗೇ ಹೋಗಬೇಕು. ಹಕ್ಕಿ ಕೊಕ್ಕಿನಲ್ಲಿ ಒಮ್ಮೆ ಎಳೆದರೆ ಮುಗಿಯಿತು. ಬಾಲದ ಬುಡದಲ್ಲಿರುವ ಗ್ರಂಥಿಯಿಂದ ಎಣ್ಣೆ ತೆಗೆದು ಸವರಿಕೊಳ್ಳುವುದೂ ಆ ಕೊಕ್ಕಿನಿಂದಲೇ. ಉದ್ಯಾವರ ಹೊಳೆಯ ಗೂಟದ ಮೇಲೆ ರೆಕ್ಕೆ ಬಿಡಿಸಿ ಬಿಸಿಲಿಗೆ ಒಡ್ಡಿ ನಿಂತ ನೀರುಕಾಗೆಯನ್ನು ನೀವು ನೋಡಿರಬಹುದು. ಅದರ ಗರಿಗಳ ಹೊರಭಾಗ ಬಾತುಕೋಳಿಯದರ ಹಾಗಲ್ಲ, ನೀರು ಕುಡಿಯುತ್ತದೆ. ಒದ್ದೆಯಾದರೆ ಮುಳುಗುವುದು ಸುಲಭ, ಮೀನು ಹಿಡಿಯುವುದೂ ಸುಲಭ. ಆಮೇಲೆ ಬಟ್ಟೆ ಒಣಗಿಸುವ ಕೆಲಸ.

ಹಂಸವೊಂದರ ಗರಿಗಳನ್ನು ಒಬ್ಬರು ಕುಳಿತು ಎಣಿಸಿದ್ದಾರೆ: 25,216. ಅದರಲ್ಲಿ ಹತ್ತಕ್ಕೆ ಎಂಟು ಪಾಲು ತಲೆ ಮತ್ತು ಕತ್ತಿನ ಮೇಲೇ. ಎಣಿಸಿದವರ ಮನೆಯವರು ಏನೆಂದರೋ.

ನಮ್ಮ ಊರಿಗೂ ಗರಿಯ ಪುರಾಣಕ್ಕೂ ಇನ್ನೊಂದು ನಂಟಿದೆ, ಸ್ವಲ್ಪ ಸುತ್ತುದಾರಿಯದು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದು ಕಲ್ಲಿನ ಮೇಲೆಯೇ. ಕಲ್ಲಚ್ಚಿಗೆ ಬೇಕಾಗುವುದು ಕೈಯಾಡಿಸಿದರೆ ಜಾರುವಷ್ಟು ನುಣುಪಾದ ಸುಣ್ಣಕಲ್ಲು. ಅಂಥ ಕಲ್ಲಿಗೆ ಲೋಕದಲ್ಲೆಲ್ಲ ಹೆಸರಾದದ್ದು ಜರ್ಮನಿಯ ಬವೇರಿಯಾದ ಸೋಲ್ನ್‌ಹೋಫನ್. ‘ಸಮಾಚಾರ’ ಹೊರಟು ಹದಿನೆಂಟು ವರ್ಷಗಳ ಬಳಿಕ, 1861ರಲ್ಲಿ, ಆ ಗಣಿಯ ಕಲ್ಲನ್ನು ಸೀಳಿದಾಗ ಸಿಕ್ಕ ಒಂದೇ ಒಂದು ಗರಿಯ ಸುದ್ದಿ ಹೊರಬಿತ್ತು. ಸುಮಾರು 15 ಕೋಟಿ ವರ್ಷ ಹಳೆಯ ಗರಿ. ಕಡ್ಡಿ, ಎಳೆ ಎಲ್ಲವೂ ಈಗ ತಾನೇ ಉದುರಿದ ಹಾಗೆ ಮೂಡಿತ್ತು. ಆ ಜೀವಿಗೆ ಇಟ್ಟ ಹೆಸರು ಆರ್ಕಿಯೊಪ್ಟೆರಿಕ್ಸ್ ಲಿಥೊಗ್ರಾಫಿಕಾ, ಅಂದರೆ ಕಲ್ಲಚ್ಚಿನ ಕಲ್ಲಿನೊಳಗಿನ ಹಳೆಯ ರೆಕ್ಕೆ. ಅಚ್ಚುಕೂಟದವರು ಶಾಯಿ ಹಚ್ಚುವುದಕ್ಕೆ ಎಷ್ಟೋ ಮೊದಲು ಕಲ್ಲು ತನ್ನ ಮೊದಲ ಪ್ರತಿಯನ್ನು ತೆಗೆದುಬಿಟ್ಟಿತ್ತು.

1996ರಲ್ಲಿ ಚೀನಾದಲ್ಲಿ ಮೈತುಂಬ ತುಪ್ಪಳವಿದ್ದ ಡೈನೋಸಾರ್ ಒಂದರ ಪಳೆಯುಳಿಕೆ ಸಿಕ್ಕಿತು. ಹಾರುವ ಯೋಗ ಅದಕ್ಕಿರಲಿಲ್ಲ. ಬೆಚ್ಚಗಿರಲು ಹೊದ್ದ ಹೊದಿಕೆಯೇ ಆಮೇಲೆ ಹಾರುವುದಕ್ಕೂ ಒದಗಿತು ಎನ್ನುತ್ತಾರೆ. ಅಂದರೆ ಅಂಗಳದ ಹೇಂಟೆ ಡೈನೋಸಾರಿನ ಮನೆತನದ್ದು. ಇದನ್ನು ಓದಿದ ದಿನ ಅಜ್ಜನ ಬಗ್ಗೆ ನನಗೆ ಗೌರವ ಹೆಚ್ಚಾಯಿತು. ಅಂಥ ಮನೆತನದ ಸೊತ್ತನ್ನು ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚುವುದೆಂದರೆ ಸಾಮಾನ್ಯವೆ?

ಯುರೋಪಿನವರು ಸಾವಿರಕ್ಕೂ ಹೆಚ್ಚು ವರ್ಷ ಹೆಬ್ಬಾತಿನ ಗರಿಯಲ್ಲಿ ಬರೆದರು. ಪೆನ್ನು ಎಂಬ ಮಾತಿನ ಮೂಲದಲ್ಲಿರುವ ಲ್ಯಾಟಿನ್ನಿನ ‘ಪೆನ್ನಾ’ ಎಂದರೆ ಗರಿಯೇ. ಬಲಗೈಯವರಿಗೆ ಎಡರೆಕ್ಕೆಯ ಗರಿ ಬೇಕು. ಅದರ ಬಾಗು ಕಣ್ಣಿಗೆ ಅಡ್ಡ ಬಾರದೆ ಹೊರಗೆ ಹೋಗುತ್ತದೆ. ಬ್ಯಾಡ್ಮಿಂಟನ್ನಿನ ಶಟ್ಲಿನಲ್ಲೂ ಹದಿನಾರು ಗರಿ, ಹದಿನಾರೂ ಒಂದೇ ಬದಿಯ ರೆಕ್ಕೆಯವು, ಇಲ್ಲದಿದ್ದರೆ ಅದು ಸರಿಯಾಗಿ ತಿರುಗುವುದಿಲ್ಲ. ಇಡೀ ಶಟ್ಲಿನ ತೂಕ 5 ಗ್ರಾಮಿನ ಆಸುಪಾಸು. ನಮ್ಮ ಫ್ಲ್ಯಾಟಿನ ಹುಡುಗರು ಸಂಜೆಗೆ ನಾಲ್ಕು ಶಟ್ಲು ಮುಗಿಸುತ್ತಾರೆ. ಆ ಮುರಿದ ಗರಿಗಳನ್ನೂ ನಾನು ಹೆಕ್ಕಿ ನೋಡಿದ್ದುಂಟು, ಕಿವಿಗೆ ಆಗುವುದಿಲ್ಲ. ಇತ್ತ ನಮ್ಮ ಹಿರಿಯರು ಕಬ್ಬಿಣದ ಕಂಟ ಹಿಡಿದು ತಾಳೆಯೋಲೆಯ ಮೇಲೆ ಕೊರೆದರು. ಅವರು ಗರಿಯಿಂದ ಬರೆದರು, ನಾವು ಗರಿಯ ಮೇಲೆ ಬರೆದೆವು. ಕನ್ನಡಕ್ಕೆ ಎರಡೂ ಗರಿಯೇ. ತೆಂಗಿಗೂ ಗರಿ, ಹಕ್ಕಿಗೂ ಗರಿ. ಹೊಸ ನೋಟು, ನೀರುಳ್ಳಿ ಬಜೆ ಎರಡೂ ಗರಿಗರಿ. ಯಾರಿಗಾದರೂ ಪ್ರಶಸ್ತಿ ಬಂದರೆ ಮರುದಿನದ ಪತ್ರಿಕೆಯಲ್ಲಿ ‘ಮುಡಿಗೆ ಮತ್ತೊಂದು ಗರಿ’. ಬೋಳುತಲೆಯವರಿಗೂ ಇದೇ ತಲೆಬರಹ.

ಆದರೆ ಈ ಮುಡಿಗೆ ಗರಿ ಏರಿಸುವ ಹುಚ್ಚು ಯಾವಾಗಲೂ ನಗುವ ವಿಷಯವಲ್ಲ. 1886ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞ ನ್ಯೂಯಾರ್ಕಿನ ಬೀದಿಯಲ್ಲಿ ಎರಡು ಸಲ ನಡೆದು ಹೆಂಗಸರ ಟೋಪಿಗಳನ್ನು ಎಣಿಸಿದ. ಕಂಡ 700 ಟೋಪಿಗಳಲ್ಲಿ 542ಕ್ಕೆ ಹಕ್ಕಿಯ ಗರಿ. ಎಲ್ಲಕ್ಕಿಂತ ಬೇಡಿಕೆ ಬೆಳ್ಳಕ್ಕಿಯ ಬೆನ್ನಿನ ಜಾಲರಿಗರಿಗೆ. ತೂಕಕ್ಕೆ ತೂಕ ಬಂಗಾರಕ್ಕಿಂತ ದುಬಾರಿ. ಆ ಗರಿ ಬರುವುದು ಮರಿ ಮಾಡುವ ಕಾಲದಲ್ಲಿ. ತಾಯಿತಂದೆಯರನ್ನು ಕೊಂದು ಗರಿ ಕಿತ್ತರೆ ಗೂಡಿನಲ್ಲಿ ಮರಿಗಳು ಬಾಯಿ ತೆರೆದುಕೊಂಡೇ ಸಾಯುತ್ತಿದ್ದವು. ಇದನ್ನು ಸಹಿಸದೆ 1889ರಲ್ಲಿ ಇಂಗ್ಲೆಂಡಿನ ಎಮಿಲಿ ವಿಲಿಯಮ್ಸನ್ ಎಂಬ ಹೆಂಗಸು ಗರಿ ಮುಡಿಯುವುದಿಲ್ಲವೆಂದು ಗೆಳತಿಯರಿಂದ ಮಾತು ತೆಗೆದುಕೊಂಡು ಕಟ್ಟಿದ ಕೂಟವೇ ಇಂದು ಅಲ್ಲಿನ ಬಲುದೊಡ್ಡ ಪಕ್ಷಿಸಂರಕ್ಷಣಾ ಸಂಸ್ಥೆ. ಭಾರತದಿಂದ ಗರಿಗಳ ರಫ್ತನ್ನು ಸರ್ಕಾರ 1902ರಲ್ಲಿ ನಿಲ್ಲಿಸಿತು. ಈಗ ಕಾಪುವಿನ ಗದ್ದೆಯಲ್ಲಿ ಟಿಲ್ಲರಿನ ಹಿಂದೆ ಹತ್ತಿಪ್ಪತ್ತು ಬೆಳ್ಳಕ್ಕಿಗಳು ಕೆಸರು ಸಿಡಿಸಿಕೊಂಡು ನಡೆಯುತ್ತವೆ. ಬಂಗಾರಕ್ಕಿಂತ ಹೆಚ್ಚಿನ ಬೆಲೆ ತಮಗಿತ್ತೆಂಬ ಬಿಂಕ ಒಂದಕ್ಕೂ ಇಲ್ಲ.

ನವಿಲಿನ ಮಾತು ಎತ್ತದೆ ಉಡುಪಿಯಲ್ಲಿ ಗರಿಯ ಮಾತು ಮುಗಿಯುವುದಿಲ್ಲ. ಚೊಕ್ಕಟವಾದ ಒಂದು ಮೋಸ ಅದರಲ್ಲಿದೆ. ಆ ನೀಲಿ, ಆ ಹಸಿರು, ಎರಡೂ ಬಣ್ಣಗಳಲ್ಲ. ಗರಿಯನ್ನು ಅರೆದರೆ ಸಿಗುವುದು ಕಂದು ಪುಡಿ. ಎಳೆಗಳೊಳಗೆ ಮೆಲನಿನ್ ಎಂಬ ಕಡುಗಂದು ವಸ್ತುವಿನ ಅತಿಸಣ್ಣ ಕಡ್ಡಿಗಳು ಸಾಲಾಗಿ ಜೋಡಿಕೊಂಡಿವೆ. ಸಾಲಿನ ಅಂತರ ಚೂರು ಬದಲಾದರೆ ಮರಳುವ ಬೆಳಕು ನೀಲಿಯಿಂದ ಹಸಿರಾಗುತ್ತದೆ. ಇಷ್ಟು ದೊಡ್ಡ ಹೊರೆ ಹೊತ್ತ ಹಕ್ಕಿ ಬದುಕಿ ಉಳಿದದ್ದಾದರೂ ಹೇಗೆ ಎಂದು ಡಾರ್ವಿನ್ನನಿಗೆ ತಲೆಬಿಸಿ. ನವಿಲುಗರಿ ಕಂಡರೆ ಹೊಟ್ಟೆ ತೊಳಸುತ್ತದೆಂದು 1860ರಲ್ಲಿ ಗೆಳೆಯನಿಗೆ ಕಾಗದ ಬರೆದಿದ್ದಾನೆ. ಕೊನೆಗೆ, ಅದು ಹೆಣ್ಣಿನ ಮೆಚ್ಚುಗೆಗಾಗಿ ಎಂಬ ಉತ್ತರ ಸಿಕ್ಕಿತು. ಮದುವೆಮನೆಯ ಗಂಡನ್ನು ನೋಡಿದ್ದರೆ ಮೊದಲೇ ಹೊಳೆಯುತ್ತಿತ್ತು. ಕುಣಿತದ ಕಾಲ ಮುಗಿದು ಆಗಸ್ಟ್, ಸೆಪ್ಟೆಂಬರ್ ಬರುವಾಗ ಗಂಡುನವಿಲು ಆ ನೂರೈವತ್ತಕ್ಕೂ ಮಿಕ್ಕ ಗರಿಗಳನ್ನು ಉದುರಿಸಿಬಿಡುತ್ತದೆ. ಉದುರಿದ್ದನ್ನು ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲ, ಕೊಂದು ಕಿತ್ತರೆ ಜೈಲು. ನಮ್ಮ ಅಷ್ಟಮಿ ಬರುವುದೂ ಅದೇ ದಿನಗಳಲ್ಲಿ. ನವಿಲು ಹಳತನ್ನು ಬಿಸಾಡುತ್ತದೆ, ಕೃಷ್ಣ ಮುಡಿದುಕೊಳ್ಳುತ್ತಾನೆ.

ಹೋದ ವರ್ಷ ಮಗಳ ಮಗನನ್ನು ಮುದ್ದುಕೃಷ್ಣ ಸ್ಪರ್ಧೆಗೆ ಅಣಿಗೊಳಿಸಿದೆವು. ಮೂರೂವರೆ ವರ್ಷ. ರಥಬೀದಿಯಲ್ಲಿ ಗರಿ ಆರಿಸುವ ಕೆಲಸ ನನಗೇ ಬಂತು. ‘ಗರಿಯ ವಿಷಯ ನಿಮಗೆ ಬಿಟ್ಟರೆ ಯಾರಿಗೆ ಗೊತ್ತು’ ಎಂದಳು ಹೆಂಡತಿ, ಹೊಗಳಿಕೆಯ ದನಿಯಲ್ಲಿ ಅಲ್ಲ. ಹತ್ತು ಗರಿ ತಿರುಗಿಸಿ ನೋಡಿ, ಬುಡದಲ್ಲಿ ರಕ್ತದ ಕಲೆಯಿಲ್ಲದ, ಕಣ್ಣು ಮುಕ್ಕಾಗದ ಒಂದನ್ನು ತಂದೆ. ಮೈಗೆ ನೀಲಿ ಬಣ್ಣ, ಹಳದಿ ಪಂಚೆ, ಕೈಯಲ್ಲಿ ಕೊಳಲು. ವೇದಿಕೆಗೆ ಹೋದವನು ಬೆಣ್ಣೆಯ ಗಡಿಗೆಯ ಪಕ್ಕ ಗಂಭೀರವಾಗಿ ಕುಳಿತ. ಕೊಳಲು ಊದುವಂತೆ ಕೆಳಗಿನಿಂದ ಅವನ ತಾಯಿ ಸನ್ನೆ ಮಾಡಿದಳು. ಊದಲಿಲ್ಲ. ಬೆಣ್ಣೆ ತಿನ್ನುವಂತೆ ಸನ್ನೆ ಮಾಡಿದಳು. ತಿನ್ನಲಿಲ್ಲ. ಸ್ವಲ್ಪ ಯೋಚಿಸಿ, ಕಿರೀಟದಿಂದ ಗರಿಯನ್ನು ಮೆಲ್ಲಗೆ ಎಳೆದು, ಅದರ ಬುಡವನ್ನು ಕಿವಿಯ ಅಂಚಿಗಿಟ್ಟು, ಹೆಬ್ಬೆರಳು ತೋರುಬೆರಳುಗಳ ನಡುವೆ ಬತ್ತಿ ಹೊಸೆಯುವ ಹಾಗೆ ತಿರುಗಿಸಿದ. ಒಂದು ಕಣ್ಣು ಮುಚ್ಚಿತು, ಬಾಯಿ ಒಂದು ಬದಿಗೆ ಸರಿಯಿತು.

ಸಭೆ ನಕ್ಕಿತು, ತೀರ್ಪುಗಾರರೂ ನಕ್ಕರು. ನನ್ನ ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಮಾತ್ರ ವೇದಿಕೆಯ ಕಡೆ ನೋಡಲೇ ಇಲ್ಲ, ನನ್ನನ್ನು ನೋಡಿದಳು.